ಎಸರಿಡುವುದರಿಂದ ಕಾಚಂಪುಳಿಯವರೆಗೆ: ಮಡಿಕೇರಿಯ ಒಂದು ಅಡುಗೆ ತರಗತಿ

ಪಿಯುಸಿ ಮುಗಿಸಿ ಮೈಸೂರಿಗೆ ಓದಲು ಹೊರಟಿರುವ ನನ್ನ ಮಗನಿಗೆ ಅನ್ನ ಮಾಡಲು ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅಡುಗೆಮನೆಯ ಮಾತೇ ಅವನಿಗೆ ಅರ್ಥವಾಗುವುದಿಲ್ಲ ಎಂಬುದು ಮಾತ್ರ ಈ ಮಾರ್ಚ್ ತಿಂಗಳಲ್ಲಿ ತಿಳಿಯಿತು. ಕಾಲೇಜಿನಿಂದ ಹೊರಡುವಾಗ ಫೋನ್ ಮಾಡಿ, "ಅನ್ನಕ್ಕೆ ಎಸರಿಟ್ಟಿರು, ಇನ್ನರ್ಧ ಗಂಟೆಯಲ್ಲಿ ಬರುತ್ತೇನೆ" ಎಂದೆ. "ಅನ್ನಕ್ಕೆ ಏನಂತ ಹೆಸರಿಡೋದಮ್ಮಾ?" ಎಂದು ಕೇಳಿದ. ತಮಾಷೆ ಮಾಡುತ್ತಿರಲಿಲ್ಲ. ಮೊಬೈಲಿನಲ್ಲಿ ಅಡುಗೆಯ ವೀಡಿಯೊಗಳನ್ನು ನೋಡಿ ನೋಡಿ ಸಾಟೆ, ಸಿಮ್ಮರ್, ಮ್ಯಾರಿನೇಟ್ ಎಂಬ ಪದಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಎಸರು, ಬಸಿಯುವುದು, ಬಾಡಿಸುವುದು ಎಂದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಮಡಿಕೇರಿಯಲ್ಲಿ ವಿದ್ಯಾರ್ಥಿಗಳಿಗೆಂದೇ ಬೇಸಿಗೆ ರಜೆಯಲ್ಲಿ ಒಬ್ಬರು ಅಡುಗೆ ಹೇಳಿಕೊಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ತಿಳಿಸಿದ್ದರಿಂದ ಅವನನ್ನು ಅಲ್ಲಿಗೆ ಸೇರಿಸಿದೆ. ಆ ತರಗತಿಗೆ ಹೆಸರೂ ಇಲ್ಲ, ಫಲಕವೂ ಇಲ್ಲ. ಪೇಟೆಯಿಂದ ಸ್ವಲ್ಪ ಕೆಳಗೆ, ಕಾಫಿ ತೋಟದ ಅಂಚಿನಲ್ಲಿರುವ ಹೆಂಚಿನ ಮನೆಯ ಹಿಂಭಾಗದ ದೊಡ್ಡ ಅಡುಗೆಮನೆಯೇ ಪಾಠಶಾಲೆ. ನಾಲ್ಕು ಭಾನುವಾರಗಳು, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ, ಶುಲ್ಕ 2,400 ರೂಪಾಯಿ. ಮಕ್ಕಳು ತಾವೇ ಬೇಯಿಸಿದ್ದು ಮಧ್ಯಾಹ್ನದ ಊಟವಾಗುತ್ತದೆ, ಜೊತೆಗೆ ಪದಗಳು, ಪಾತ್ರೆ ಪರಿಕರಗಳು ಮತ್ತು ಆಹಾರದ ಕುತೂಹಲದ ಸಂಗತಿಗಳಿರುವ ನಲವತ್ತು ಪುಟದ ಕೈಪುಸ್ತಕವೊಂದನ್ನು ಕೊಡುತ್ತಾರೆ. ಪಾಠ ಮಾಡುವವರು ಅರವತ್ತು ದಾಟಿದ ಕೊಡವ ಗೃಹಿಣಿ, ನೆರವಿಗೆ ಅವರ ಸೊಸೆ. ಮಕ್ಕಳೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದರು, ನಾನು ಅಕ್ಕ ಎನ್ನುತ್ತಿದ್ದೆ. ಪೋಷಕರು ಬೇಕಾದರೆ ಜಗಲಿಯಲ್ಲಿ ಕೂರಬಹುದು. ನಾನು ರಸಾಯನಶಾಸ್ತ್ರದ ಉಪನ್ಯಾಸಕಿ. ಬಿಸಿ ಪಾತ್ರೆ ಇರುವ ಕಡೆ ಜಗಲಿಯಲ್ಲಿ ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲವಾದ್ದರಿಂದ ನಾಲ್ಕೂ ಭಾನುವಾರ ಒಳಗೇ ನಿಂತು ನೋಡಿದೆ.

ಮೊದಲ ದಿನ ಒಲೆಯನ್ನೇ ಹಚ್ಚಲಿಲ್ಲ. ಹದಿನಾರು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಒಂದೊಂದು ಈರುಳ್ಳಿ, ಒಂದೊಂದು ಚಾಕು ಮತ್ತು ಹಲಗೆ ಕೊಟ್ಟು, ಹೆಚ್ಚುವುದು ಬೇರೆ, ಕೊಚ್ಚುವುದು ಬೇರೆ, ಸೀಳುವುದು ಬೇರೆ, ಹೆರೆಯುವುದು ಬೇರೆ, ಜಜ್ಜುವುದು ಬೇರೆ ಎಂಬುದನ್ನು ಕೈಯಲ್ಲೇ ಮಾಡಿಸಿದರು. ಮೆಣಸಿನಕಾಯಿಯನ್ನು ಸೀಳಿ ಹಾಕಿದ ಸಾರಿಗೂ ಕೊಚ್ಚಿ ಹಾಕಿದ ಸಾರಿಗೂ ಖಾರದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನು ನಾಲಿಗೆಗೇ ತೋರಿಸಲು ಮೊದಲೇ ಮಾಡಿಟ್ಟಿದ್ದ ಎರಡು ಬಟ್ಟಲು ತಿಳಿಸಾರನ್ನು ಮುಂದಿಟ್ಟರು. ಖಾರ ತಡೆಯಲಾರದೆ ನೀರಿಗೆ ಕೈಚಾಚಿದ ಹುಡುಗಿಗೆ ಮಜ್ಜಿಗೆ ಕೊಟ್ಟದ್ದು ಸರಿಯಾದ ಪಾಠವೇ, ಏಕೆಂದರೆ ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಹಾಲು ಮೊಸರಿನ ಪ್ರೋಟೀನು ಮತ್ತು ಕೊಬ್ಬು ಅದನ್ನು ನಾಲಿಗೆಯಿಂದ ಎತ್ತಿಕೊಂಡು ಹೋಗುತ್ತವೆ. ಇಡೀ ಬೆಳಿಗ್ಗೆ ಚಾಕುವಿಗೇ ಕಳೆದದ್ದು ಕೆಲವು ಪೋಷಕರಿಗೆ ಹಿಡಿಸಲಿಲ್ಲ. ನನಗೆ ಮಾತ್ರ ಈ ತರಗತಿಯ ಮೇಲೆ ನಂಬಿಕೆ ಹುಟ್ಟಿದ್ದೇ ಆಗ. ಅಡುಗೆ ಬಾರದ ಮಕ್ಕಳಿಗೆ ಪಾಕವಿಧಾನ ಕೊಟ್ಟು ಪ್ರಯೋಜನವಿಲ್ಲ, ಅದರಲ್ಲಿರುವ ಕ್ರಿಯಾಪದಗಳು ಅವರ ಕೈಗೆ ಮೊದಲು ಬರಬೇಕು ಎಂಬ ನಿಲುವಿನ ಮೇಲೆ ಈಕೆ ಇಡೀ ಪಾಠವನ್ನು ಕಟ್ಟಿದ್ದಾರೆ.

ಎರಡನೆಯ ಭಾನುವಾರ ಬೆಂಕಿಯ ಪದಗಳು ಬಂದವು. ಬೇಯಿಸು, ಕುದಿಸು, ಬಾಡಿಸು, ಹುರಿ, ಕರಿ, ಸುಡು, ಹಬೆಯಲ್ಲಿ ಬೇಯಿಸು ಎಂಬ ಏಳು ಪದಗಳನ್ನು ಹಲಗೆಯ ಮೇಲೆ ಬರೆದರು. ಬೆಂಗಳೂರಿನಿಂದ ಅಜ್ಜಿಮನೆಗೆ ಬಂದಿದ್ದ ಹುಡುಗನೊಬ್ಬ ಎದ್ದುನಿಂತು, "ಹಾಗಾದರೆ ಪಂದಿ ಕರಿ ಅಂದರೆ ಹಂದಿಯನ್ನು ಎಣ್ಣೆಯಲ್ಲಿ ಕರಿಯುವುದಾ ಆಂಟಿ?" ಎಂದು ಕೇಳಿದಾಗ ಅಡುಗೆಮನೆ ನಕ್ಕಿತು, ಆದರೆ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಕನ್ನಡದ ಕರಿಯುವ ಕರಿಯೂ ಕಪ್ಪೆಂಬ ಕರಿಯೂ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಸಾರು ಪಲ್ಯಗಳಿಗೆ ಹೇಳುವ ಕರಿಯೂ ಒಂದೇ ಬಗೆಯಾಗಿ ಕೇಳುತ್ತವೆ, ಸಾಲದ್ದಕ್ಕೆ ಪಂದಿ ಕರಿಯ ಬಣ್ಣವೂ ಕರಿಯೇ.

ಬಾಡಿಸುವುದಕ್ಕೂ ಕೆಂಪಗೆ ಹುರಿಯುವುದಕ್ಕೂ ಇರುವ ಅಂತರವನ್ನು ಅವರು ತೋರಿಸಿದ ರೀತಿಯನ್ನು ನಾನು ನನ್ನ ಪ್ರಯೋಗಾಲಯದಲ್ಲೂ ಬಳಸಬಹುದು. ಒಂದೇ ಬಾಣಲೆಯಲ್ಲಿ ಹೆಚ್ಚಿದ ಈರುಳ್ಳಿ ಹಾಕಿ, ನಾಲ್ಕು ನಾಲ್ಕು ನಿಮಿಷಕ್ಕೊಮ್ಮೆ ಒಂದು ಚಮಚೆಯಷ್ಟನ್ನು ತೆಗೆದು ಬಿಳಿ ತಟ್ಟೆಯ ಅಂಚಿನುದ್ದಕ್ಕೂ ಸಾಲಾಗಿ ಇಡುತ್ತ ಹೋದರು: ಮೊದಲು ಹಸಿ, ಆಮೇಲೆ ಗಾಜಿನಂತೆ ಪಾರದರ್ಶಕ, ಆಮೇಲೆ ಅಂಚು ಮಾತ್ರ ಹೊಂಬಣ್ಣ, ಆಮೇಲೆ ಕೆಂಪು, ಕೊನೆಗೆ ಸೀದದ್ದು. ಬಾಡಿಸಿದ್ದು ಯಾವುದು ಎಂದು ಯಾರೂ ಮತ್ತೆ ಕೇಳಲಿಲ್ಲ. ಈರುಳ್ಳಿಯಲ್ಲಿ ನೀರಿರುವವರೆಗೆ ಅದರ ಬಿಸಿ ನೀರಿನ ಕುದಿಬಿಂದುವನ್ನು ದಾಟುವುದಿಲ್ಲ, ನೀರು ಹೋದ ಮೇಲಷ್ಟೇ ಬಿಸಿ ಏರಿ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣವೂ ಪರಿಮಳವೂ ಹುಟ್ಟುತ್ತವೆ. ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ನಮ್ಮ ಕಾಫಿಬೀಜ ಹುರಿಯುವಾಗಲೂ ನಡೆಯುವುದು ಎಂದು ನಾನು ಬಾಯಿಹಾಕಿದೆ. "ಮೇಡಂ ಹೇಳಿದ್ದು ಕೇಳಿದಿರಲ್ಲ ಮಕ್ಕಳೇ, ಅದಕ್ಕೇ ಬಾಣಲೆ ತುಂಬ ಈರುಳ್ಳಿ ತುರುಕಬೇಡಿ ಅನ್ನುವುದು, ತುರುಕಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಕೆಂಪಾಗುವುದಿಲ್ಲ" ಎಂದರು ಅವರು. ನನ್ನ ಎರಡು ವಾಕ್ಯಗಳಿಗಿಂತ ಇದೇ ಮಕ್ಕಳ ನೋಟ್ಸಿಗೆ ಹೋಯಿತು.

ಅದೇ ದಿನ ಹನ್ನೊಂದರ ಹೊತ್ತಿಗೆ ಮಳೆ ಹೊಡೆದು ಕರೆಂಟು ಹೋಯಿತು. ಕೊಡಗಿನಲ್ಲಿ ಏಪ್ರಿಲ್ ಮಳೆಗೆ ಕಾಫಿ ಹೂ ಅರಳುವುದೂ ಕರೆಂಟು ಹೋಗುವುದೂ ಒಟ್ಟಿಗೇ ಆಗುತ್ತದೆ. ಮಿಕ್ಸಿ ನಿಂತದ್ದರಿಂದ ತರಗತಿಯೂ ನಿಲ್ಲುತ್ತದೆ ಎಂದುಕೊಂಡಿದ್ದೆ. ಅವರು ಹಿತ್ತಿಲ ಚಾವಡಿಗೆ ಎಲ್ಲರನ್ನೂ ಕರೆದೊಯ್ದು ಮೂಲೆಯಲ್ಲಿದ್ದ ನಾಲ್ಕು ಕಲ್ಲುಗಳ ಮೇಲಿನ ಗೋಣಿ ತೆಗೆದರು. ಮಿಕ್ಸಿಯ ಒಂದೇ ಗುಂಡಿಯಲ್ಲಿ ಸೇರಿಹೋಗಿರುವ ಕುಟ್ಟುವುದು, ಬೀಸುವುದು, ರುಬ್ಬುವುದು, ಅರೆಯುವುದು ಎಂಬ ನಾಲ್ಕು ಕೆಲಸಗಳು ಅಲ್ಲಿ ಬೇರೆ ಬೇರೆಯಾಗಿ ಕಂಡವು. ಒರಳಿನಲ್ಲಿ ಒನಕೆಯಿಂದ ಕುಟ್ಟಿದರೆ ಕಾಳು ಒಡೆಯುತ್ತದೆ, ಬೀಸುವ ಕಲ್ಲಿನಲ್ಲಿ ಒಣಗಿದ್ದು ತರಿಯಾಗಿ ಅಥವಾ ಹಿಟ್ಟಾಗಿ ಉದುರುತ್ತದೆ, ರುಬ್ಬುವ ಕಲ್ಲಿಗೆ ನೆನೆದ ಕಾಳು ಮತ್ತು ನೀರು ಬೇಕು, ಅರೆಯುವ ಕಲ್ಲಿನ ಮೇಲೆ ಗುಂಡುಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಕಾಯಿ ಮಸಾಲೆ ಬೆಣ್ಣೆಯಂತಾಗುತ್ತದೆ. ಮಗ ಗುಂಡುಕಲ್ಲನ್ನು ಹತ್ತು ಸಲ ಎಳೆದು ಬೆರಳ ತುದಿಯಿಂದ ಮಸಾಲೆಯನ್ನು ಮುಟ್ಟಿ, ಇನ್ನೂ ತರಿತರಿ ಎಂದ. ಆ ಒಂದು ಪದವನ್ನು ಅವನ ಬಾಯಲ್ಲಿ ಅದೇ ಮೊದಲು ಕೇಳಿದ್ದು. ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು, ಆದರೆ ಮಕ್ಕಳು ಒಳಗೆ ಬರಲು ಒಪ್ಪಲಿಲ್ಲ.

ಕೈಪುಸ್ತಕದ ವಿಷಯದಲ್ಲಿ ನಾನು ಇಷ್ಟು ಉದಾರವಾಗಿ ಬರೆಯಲಾರೆ. ಪದಗಳ ಭಾಗ ಚೆನ್ನಾಗಿದೆ. ಒಗ್ಗರಣೆ, ನಾದುವುದು, ಕಲಸುವುದು, ಬಸಿಯುವುದು, ಎಳೆಪಾಕ, ಉಂಡೆಪಾಕ, ಹಸಿವಾಸನೆ ಹೋಗುವುದು, ಎಣ್ಣೆ ಬಿಡುವುದು, ತಳ ಹಿಡಿಯುವುದು ಎಂಬಂಥ ನೂರಕ್ಕೂ ಹೆಚ್ಚು ಮಾತುಗಳಿಗೆ ಒಂದೆರಡು ಸಾಲಿನ ವಿವರಣೆಯಿದೆ. ಹಸಿವಾಸನೆ ಎಂದರೇನೆಂದು ಬರೆದು ತಿಳಿಸುವುದು ಸುಲಭವಲ್ಲ, ಅವರು ತಿಳಿಸಿದ್ದಾರೆ. ಅಳತೆಯ ಪುಟವೂ ಉಪಯುಕ್ತ: ಚಿಕ್ಕ ಚಮಚೆ 5 ಮಿಲಿಲೀಟರ್, ದೊಡ್ಡದು 15, ನಾಲ್ಕು ಪಾವಿಗೆ ಒಂದು ಸೇರು. ಸರ್ಕಾರ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಅಳತೆಗೆ ಹೋದರೂ ಅಕ್ಕಿಯ ಡಬ್ಬದೊಳಗೆ ಇಂದಿಗೂ ಪಾವೇ ಕೂತಿರುವುದನ್ನು ನೋಡಿದರೆ ಈ ಪುಟ ಬೇಕೇ ಬೇಕು. ಆದರೆ ಕುತೂಹಲದ ಸಂಗತಿಗಳ ಭಾಗದಲ್ಲಿ ತಪ್ಪುಗಳಿವೆ. ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂದಿದೆ. ನಿಜದಲ್ಲಿ ಉಪ್ಪು ಕುದಿಬಿಂದುವನ್ನು ತುಸು ಏರಿಸುತ್ತದೆ, ಅಡುಗೆಗೆ ಹಾಕುವಷ್ಟು ಉಪ್ಪಿನಿಂದ ಗಮನಿಸುವಷ್ಟು ವ್ಯತ್ಯಾಸವೇ ಆಗುವುದಿಲ್ಲ. ಮಾಂಸದ ಮೇಲ್ಮೈಯನ್ನು ಜೋರು ಉರಿಯಲ್ಲಿ ಕೆಂಪಗೆ ಮಾಡಿದರೆ ರಸ ಒಳಗೇ ಉಳಿಯುತ್ತದೆ ಎಂದಿದೆ. ರುಚಿ ಹೆಚ್ಚುವುದು ನಿಜ, ರಸಕ್ಕೆ ಬಾಗಿಲು ಹಾಕಿದಂತಾಗುವುದು ಸುಳ್ಳು. ಎಲ್ಲಕ್ಕಿಂತ ಬೇಸರ ತಂದದ್ದು, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬ ಸಾಲು. ಅದು ಸಮುದ್ರಮಟ್ಟದ ಮಾತು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಮುನ್ನೂರು ಮೀಟರ್ ಏರಿದಂತೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದ್ದರಿಂದಲೇ ಬೇಳೆ ಬೇಯುವುದು ತಡ. ಇದನ್ನು ಅವರಿಗೆ ಹೇಳಿದಾಗ, "ಮಂಗಳೂರಿನಲ್ಲಿ ಮಗಳ ಮನೆಯಲ್ಲಿ ತೊಗರಿಬೇಳೆ ಬೇಗ ಬೆಂದುಬಿಡುತ್ತದೆ ಮೇಡಂ, ನಾನು ಅಲ್ಲಿಯ ಬೇಳೆಯೇ ಒಳ್ಳೆಯದು ಅಂದುಕೊಂಡು ಐದು ಕಿಲೋ ತಂದಿದ್ದೆ" ಎಂದು ನಕ್ಕರು. ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಹೇಳಿದ್ದಾರೆ. ಸದ್ಯಕ್ಕೆ ನನ್ನ ಮಗನ ಪ್ರತಿಯಲ್ಲಿ ಕೆಂಪು ಶಾಯಿಯ ತಿದ್ದುಪಡಿಯಿದೆ.

ಕುದಿಬಿಂದುವಿನ ಈ ಮಾತೇ ಕುಕ್ಕರಿನ ಪಾಠಕ್ಕೆ ದಾರಿಯಾಯಿತು, ಮತ್ತು ಪರಿಕರಗಳ ಪೈಕಿ ಅವರು ಅತಿ ಹೆಚ್ಚು ಹೊತ್ತು ಕೊಟ್ಟದ್ದೂ ಅದಕ್ಕೇ. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಏರಿ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಡೆನಿಸ್ ಪಾಪಿನ್ ಎಂಬಾತ 1679ರಲ್ಲೇ ಇಂಥ ಪಾತ್ರೆ ಮಾಡಿ ಮೂಳೆಯನ್ನು ಮೆತ್ತಗೆ ಬೇಯಿಸಿ ತೋರಿಸಿದ್ದ. ಇತಿಹಾಸ ಅಷ್ಟಕ್ಕೆ ಸಾಕು ಎಂದು ಅವರು ಮುಚ್ಚಳವನ್ನು ಕೈಗೆ ಕೊಟ್ಟರು. ಹಬೆ ಹೋಗುವ ನಳಿಕೆಯನ್ನು ಬೆಳಕಿಗೆ ಹಿಡಿದು ಅದರಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿಲ್ಲವೇ ಎಂದು ನೋಡುವುದು, ಗ್ಯಾಸ್ಕೆಟ್ಟನ್ನು ಬಗ್ಗಿಸಿ ಬಿರುಕು ಹುಡುಕುವುದು, ಅಕ್ಕಿ ಬೇಳೆಯಾದರೆ ಅರ್ಧಕ್ಕಿಂತ ಹೆಚ್ಚು ತುಂಬದಿರುವುದು, ಒತ್ತಡ ತಾನಾಗಿ ಇಳಿಯುವ ಮೊದಲು ಮುಚ್ಚಳದ ಮೇಲೆ ಜೋರು ಮಾಡದಿರುವುದು, ಇವನ್ನು ಪ್ರತಿಯೊಬ್ಬರಿಂದಲೂ ಬೇರೆ ಬೇರೆ ಮಾಡಿಸಿದರು. ಹದಿನಾರು ಮಂದಿಯ ಸರದಿ ಮುಗಿಯುವಷ್ಟರಲ್ಲಿ ಕೆಲವರು ಆಕಳಿಸತೊಡಗಿದ್ದರು, ಆದರೂ ಅವರು ಒಬ್ಬರನ್ನೂ ಬಿಡಲಿಲ್ಲ. ಮೈಸೂರು ಬೆಂಗಳೂರಿನ ಪಿಜಿಗಳಲ್ಲಿ ಹೆಚ್ಚಾಗಿ ಇಂಡಕ್ಷನ್ ಒಲೆ ಇರುವುದನ್ನು ಅರಿತು, ಪಾತ್ರೆ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ, ತಳಕ್ಕೆ ಅಂಟಿದರಷ್ಟೇ ತನ್ನಿ ಎಂದು ಸೊಸೆ ಹೇಳಿದ ಉಪಾಯವನ್ನು ನಾನು ಅದೇ ಸಂಜೆ ಬಳಸಿ, ತಳಕ್ಕೆ ಬೇರೆ ಲೋಹ ಕೂರಿಸದ ಅಲ್ಯೂಮಿನಿಯಂ ಕುಕ್ಕರೊಂದನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಸೌಟು, ಸಟ್ಟುಗ, ಇಕ್ಕಳ, ಜರಡಿ, ತುರಿಮಣೆ, ಲಟ್ಟಣಿಗೆಗಳ ಪರಿಚಯ ಮಾತ್ರ ಹತ್ತೇ ನಿಮಿಷದಲ್ಲಿ ಮುಗಿದುಹೋಯಿತು. ಈಳಿಗೆ ಮಣೆಯ ಮೇಲೆ ಕೂರಲು ಮಕ್ಕಳಿಗೆ ಅವಕಾಶ ಕೊಡಲಿಲ್ಲ. ಅದು ವಿವೇಕವೋ ಹೆದರಿಕೆಯೋ ತಿಳಿಯಲಿಲ್ಲ.

ಮೂರನೆಯ ಭಾನುವಾರದ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಈ ತರಗತಿಯಲ್ಲೇ ಅತ್ಯುತ್ತಮ ಪಾಠ. ಒಂದು ಪಾವು ಅಕ್ಕಿ ತರಿಗೆ ಎರಡೂವರೆ ಪಾವು ನೀರು, ಉಪ್ಪು, ಅಷ್ಟೇ. ಆದರೆ ಆ ಒಂದು ತಿಂಡಿಯೊಳಗೆ ಎಸರಿಡುವುದು, ಗಂಟಾಗದಂತೆ ತಿರುವುವುದು, ಸಣ್ಣ ಉರಿಯಲ್ಲಿ ಮುಚ್ಚಿಡುವುದು, ಕೈ ತಾಳುವಷ್ಟು ಆರಿಸುವುದು, ಉಂಡೆ ಕಟ್ಟುವುದು, ಹಬೆಯಲ್ಲಿ ಬೇಯಿಸುವುದು ಎಲ್ಲವೂ ಬಂದುಬಿಡುತ್ತವೆ. ಕಲಿಸುವ ಕ್ರಮವನ್ನು ಯೋಚಿಸಿದವರಿಗೆ ಮಾತ್ರ ಇಂಥ ಆಯ್ಕೆ ಹೊಳೆಯುತ್ತದೆ. ನನ್ನ ಮಗನ ಗುಂಪು ನೀರು ಕುದಿಯುವ ಮೊದಲೇ ತರಿ ಸುರಿದು ಅಂಟು ಮಾಡಿಕೊಂಡಿತು. ಅವರು ಬೈಯದೆ, ಕುದಿಯುವ ಎಸರಿಗೆ ಬಿದ್ದ ತರಿಯ ಉಂಡೆಯನ್ನೂ ಇವರ ಉಂಡೆಯನ್ನೂ ಅಕ್ಕಪಕ್ಕದಲ್ಲಿ ಸೀಳಿ ತೋರಿಸಿದರು. ಒಂದರೊಳಗೆ ತರಿ ತರಿಯಾಗಿಯೇ ಬೆಂದಿತ್ತು, ಇನ್ನೊಂದು ಬೂದುಬಣ್ಣದ ಮುದ್ದೆಯಾಗಿತ್ತು. ಅಂಟಿನ ಉಂಡೆಗಳನ್ನೂ ಬಿಸಾಡದೆ ಊಟಕ್ಕೆ ಬಡಿಸಿದರು, ತಿನ್ನಲೇಬೇಕಾಯಿತು.

ಕೊನೆಯ ಭಾನುವಾರ ಪಂದಿ ಕರಿಯ ಮಸಾಲೆ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯ ಪ್ರತಿಯೊಂದಕ್ಕೂ ಹುರಿಯುವ ಹೊತ್ತು ಬೇರೆಯಾದ್ದರಿಂದ ಬೇರೆ ಬೇರೆಯಾಗಿಯೇ ಹುರಿಯಬೇಕು ಎಂದು ಅವರು ಎಚ್ಚರಿಸಿದ್ದರೂ ಒಂದು ಗುಂಪು ಎಲ್ಲವನ್ನೂ ಒಟ್ಟಿಗೆ ಹಾಕಿ ಮೆಂತ್ಯವನ್ನು ಸೀಯಿಸಿಬಿಟ್ಟಿತು, ಮನೆ ತುಂಬ ಕಹಿ ಹೊಗೆ. ನಾನು ಹಾಸನದ ಕಡೆಯವಳು. ನಮ್ಮ ಸಾರಿನಪುಡಿಗೆ ಹುರಿಯುವ ಹದದ ಬಹಳ ಮುಂದಕ್ಕೆ, ಕಪ್ಪಿನ ಅಂಚಿನವರೆಗೆ ಹೋಗಿ ನಿಲ್ಲುವ ಈ ಹುರಿತವನ್ನು ನೋಡುವಾಗ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಕೈ ತಡೆಯಲು ಹೋಗುತ್ತದೆ. ಆಮೇಲೆ ಕಾಚಂಪುಳಿಯ ಬಾಟಲಿ ಬಂತು. ಪಣಪುಳಿ ಎಂಬ ಮರದ ಹಣ್ಣಾದ ಹುಳಿ ಕಾಯಿಗಳಿಂದ ತೊಟ್ಟಿಕ್ಕುವ ರಸವನ್ನು ಹಿಡಿದು, ಕಾಕಂಬಿಯಂತೆ ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸಿದ ಈ ಹುಳಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಪ್ರತಿಯೊಬ್ಬರ ಬೆರಳಿಗೂ ಒಂದೊಂದು ಹನಿ ಹಾಕಿದರು. ಹದಿನಾರು ಮುಖಗಳು ಒಮ್ಮೆಗೇ ಕಿವುಚಿಕೊಂಡವು. ಇದನ್ನು ಕೊನೆಯಲ್ಲಿ, ಚಮಚೆಯ ಲೆಕ್ಕದಲ್ಲಿ ಹಾಕಬೇಕೆಂದು ಹೇಳಿದವರು, ಇಷ್ಟು ಹುಳಿಯ ಪದಾರ್ಥವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಬಾರದೆಂಬುದನ್ನೂ ಹೇಳಬೇಕಿತ್ತು. ಹಂದಿ ತಿನ್ನದ ಮಕ್ಕಳಿಗೆ ಬೇರೆ ಒಲೆ, ಬೇರೆ ಪಾತ್ರೆ, ಅದೇ ಮಸಾಲೆಯಲ್ಲಿ ಅಣಬೆ ಎಂದು ಮೊದಲೇ ತಿಳಿಸಿದ್ದರು. ಪಾತ್ರೆಗಳನ್ನು ಶ್ರದ್ಧೆಯಿಂದ ಬೇರೆ ಇಟ್ಟಿದ್ದರು ನಿಜ, ಆದರೆ ಅಣಬೆಯ ಗುಂಪಿನ ಐವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು. ಅದೇ ಶುಲ್ಕ ಕೊಟ್ಟ ಆ ಮಕ್ಕಳು ಗಂಟೆಗಟ್ಟಲೆ ಬೇರೆಯವರ ಬಾಣಲೆ ನೋಡುತ್ತ ನಿಂತದ್ದು ಸರಿಯಲ್ಲ.

ಪ್ರತಿ ದಿನದ ಕೊನೆಯ ಅರ್ಧ ಗಂಟೆ ರಸಪ್ರಶ್ನೆಗೆ ಮೀಸಲು. ಹಸಿರು ಮೆಣಸು, ಕರಿಮೆಣಸು, ಬಿಳಿಮೆಣಸು ಮೂರೂ ಒಂದೇ ಬಳ್ಳಿಯವು, ಕಾಯಿ ಬಲಿತ ಹಂತವೂ ಸಿಪ್ಪೆ ಉಳಿಸುವ ತೆಗೆಯುವ ಕ್ರಮವೂ ಬೇರೆ ಅಷ್ಟೇ ಎಂಬುದು ಮೆಣಸಿನ ಬಳ್ಳಿಯ ಕೆಳಗೇ ಆಡಿ ಬೆಳೆದ ಮಕ್ಕಳಲ್ಲಿ ಮುಕ್ಕಾಲು ಪಾಲು ಮಂದಿಗೆ ಗೊತ್ತಿರಲಿಲ್ಲ. ಇಲ್ಲಿಯ ತೋಟಗಳಲ್ಲಿ ತಾನಾಗಿ ಹುಟ್ಟುವ ಪುಟ್ಟ ಪರಂಗಿ ಮೆಣಸಿನ ಹೆಸರಿನಲ್ಲೇ ಅದು ಪರದೇಶದ್ದೆಂಬ ಗುರುತಿದೆ, ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಮೆಣಸಿನಕಾಯಿ ಬರುವ ಮೊದಲು ನಮ್ಮ ಅಡುಗೆಯ ಖಾರವೆಲ್ಲ ಕರಿಮೆಣಸು ಶುಂಠಿಯಂಥವುಗಳದ್ದೇ ಎಂದಾಗ ಒಬ್ಬಳು ಹುಡುಗಿ, "ಹಾಗಾದರೆ ಪಂದಿ ಕರಿಯೇ ಹಳೆಯದು ಆಂಟಿ, ಅದರಲ್ಲಿ ಕರಿಮೆಣಸೇ ಮುಖ್ಯ" ಎಂದಳು. ಬಹುಮಾನವಾಗಿ ಅವಳಿಗೆ ಒಂದು ಹಿಡಿ ಏಲಕ್ಕಿ ಸಿಕ್ಕಿತು. ಅರಿಶಿನ ಮೆತ್ತಿದ ಬಿಳಿ ಬಟ್ಟೆಗೆ ಸೋಪು ಹಚ್ಚಿ ಕೆಂಪಾಗಿಸಿ ತೋರಿಸಿದಾಗ ಎಲ್ಲರೂ ಜಾದೂ ನೋಡಿದಂತೆ ನೋಡಿದರು. ಆರತಿಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕುವುದೂ ಇದೇ ಕಾರಣಕ್ಕೆ, ಕ್ಷಾರ ತಾಗಿದರೆ ಅರಿಶಿನದ ಬಣ್ಣ ಕೆಂಪಾಗುತ್ತದೆ ಎಂದು ಹೇಳುವ ಸರದಿ ನನಗೆ ಸಿಕ್ಕಿತು. ಕಣಿಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ನೀರು ಬದಲಿಸುತ್ತ ನೆನೆಸಿಟ್ಟು ಚೆನ್ನಾಗಿ ಬೇಯಿಸದೆ ತಿನ್ನಬಾರದು, ಹಸಿಯದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ ಎಂಬುದನ್ನೂ, ಗುರುತಿಲ್ಲದ ಕಾಡಣಬೆಯನ್ನು ಯಾರು ಎಷ್ಟೇ ಧೈರ್ಯ ಹೇಳಿದರೂ ಮುಟ್ಟಬಾರದು ಎಂಬುದನ್ನೂ ರಸಪ್ರಶ್ನೆಯ ನಗುವಿನ ನಡುವೆ ಸೇರಿಸದೆ ಬೇರೆಯಾಗಿ, ಗಂಭೀರವಾಗಿ ಹೇಳಿದ್ದು ಮೆಚ್ಚುವಂಥದ್ದು.

ದೂರುಗಳನ್ನೂ ಹೇಳಿಬಿಡುತ್ತೇನೆ. ಹದಿನಾರು ಮಕ್ಕಳಿಗೆ ಎರಡು ಗ್ಯಾಸ್ ಒಲೆ, ಒಂದು ಇಂಡಕ್ಷನ್, ಹೊರಗೊಂದು ಸೌದೆ ಒಲೆ ಸಾಲದು. ಹತ್ತು ಮಂದಿಗೆ ನಿಲ್ಲಿಸಿದ್ದರೆ ಎಲ್ಲರ ಕೈಗೂ ಕೆಲಸ ಸಿಗುತ್ತಿತ್ತು. ಒಂಬತ್ತೂವರೆಯ ತರಗತಿ ಒಮ್ಮೆಯೂ ಹತ್ತಕ್ಕೆ ಮೊದಲು ಆರಂಭವಾಗಲಿಲ್ಲ. ಪಾತ್ರೆ ತೊಳೆಯುವ ಪಾಳಿಯಿಂದ ಹುಡುಗರು ನುಣುಚಿಕೊಂಡಾಗ ಅವರು ಕಂಡೂ ಕಾಣದಂತಿದ್ದರು, ನನ್ನ ಮಗನೂ ಆ ನುಣುಚಿಕೊಂಡವರಲ್ಲಿ ಒಬ್ಬ. ಅಂಗಳದಲ್ಲಿ ಎರಡು ಕಾರು ಮಾತ್ರ ನಿಲ್ಲುತ್ತವೆ, ಉಳಿದವರು ಇಳಿಜಾರಿನ ರಸ್ತೆಯಲ್ಲೇ ನಿಲ್ಲಿಸಿ ನಡೆಯಬೇಕು. ಇಡ್ಲಿ ದೋಸೆಯ ಹಿಟ್ಟು ಹುದುಗುವ ಪಾಠ ಇಲ್ಲವೇ ಇಲ್ಲ, ಹೊರಗೆ ಓದಲು ಹೋಗುವವರಿಗೆ ಅದು ಬೇಕಿತ್ತು. ಮಡಿಕೇರಿಯ ಚಳಿಗೆ ಹಿಟ್ಟು ಉಬ್ಬುವುದಿಲ್ಲ ಎಂಬುದು ಅವರ ಉತ್ತರ. ನಾವೆಲ್ಲ ರಾತ್ರಿ ಹಿಟ್ಟಿನ ಪಾತ್ರೆಯನ್ನು ಒಲೆಯ ಬಳಿಯ ಬೆಚ್ಚನೆಯ ಮೂಲೆಯಲ್ಲಿ ಕಂಬಳಿ ಸುತ್ತಿ ಇಡುವವರೇ ಆದ್ದರಿಂದ ಆ ಉತ್ತರವನ್ನು ನಾನು ಒಪ್ಪಲಿಲ್ಲ.

ಇಷ್ಟಾದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ತಿದ್ದಿದ ಕೈಪುಸ್ತಕ ಬಂದರೆ ಇನ್ನರ್ಧ ಸೇರಿಸುತ್ತೇನೆ. ಈಗಾಗಲೇ ಅಡುಗೆ ಬರುವ, ಹೊಸ ತಿಂಡಿಗಳನ್ನು ಕಲಿಯಬೇಕೆನ್ನುವ ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ, ಅವರಿಗೆ ಬೇಜಾರಾಗುತ್ತದೆ. ಮುಂದಿನ ತಂಡ ದಸರೆ ರಜೆಯಲ್ಲಿ. ಅದಕ್ಕೂ ಮೊದಲು, ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪಿನ ಒಂದು ದಿನದ ತರಗತಿ ಇದೆ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಪಾಯಸವನ್ನೂ ಪುಟ್ಟನ್ನೂ ಮಾಡಿಸುತ್ತಾರಂತೆ, ದೊಡ್ಡವರೂ ಸೇರಬಹುದು, ಶುಲ್ಕ 300 ರೂಪಾಯಿ. ಅಷ್ಟು ಹೊತ್ತಿಗೆ ಮಗ ಮೈಸೂರಿನಲ್ಲಿರುತ್ತಾನೆ. ನನ್ನ ಹೆಸರು ಬರೆಸಿ ಬಂದಿದ್ದೇನೆ.